ಕೆನೆಯೋ ಬಾದಾಮಿಯೋ

ಎರಡು ತಿಳಿಬಣ್ಣಗಳ ನಡುವೆ ಸಿಕ್ಕಿಬಿದ್ದ ಮನುಷ್ಯನಿಗೆ ಬಿಡುಗಡೆ ಸುಲಭವಲ್ಲ. ಅವನ ನೆಂಟರಿಗಂತೂ ಇಲ್ಲವೇ ಇಲ್ಲ. ಶಿರಹಟ್ಟಿಯ ನಮ್ಮ ಕಾಕಾನನ್ನೇ ನೋಡಿ. ಫಕೀರೇಶ್ವರ ಜಾತ್ರೆಗೆ ಬೀಗರು ಬರುತ್ತಾರೆಂದು ಪಡಸಾಲೆಗೆ ಬಣ್ಣ ಹಚ್ಚಿಸಲು ಹೊರಟವರು, ಗೋಡೆಯ ಮೇಲೆ ಎರಡು ಪಟ್ಟಿ ಬಳಿಸಿ ಅಲ್ಲೇ ನಿಂತುಬಿಟ್ಟರು. ಒಂದು ಕೆನೆ, ಇನ್ನೊಂದು ಬಾದಾಮಿ. ಯಾವುದು ಯಾವುದೆಂದು ತನಗೇ ತಿಳಿಯದೆ ಪೇಂಟರ್ ಕೆಳಗೆ ಪೆನ್ಸಿಲ್ಲಿನಿಂದ ‘ಕೆ’, ‘ಬಾ’ ಎಂದು ಬರೆದಿಟ್ಟಿದ್ದ.

ಹಾಲು ತಂದವರು, ಮೀಟರ್ ನೋಡಲು ಬಂದವರು, ಎಲ್ಲರೂ ಅಭಿಪ್ರಾಯ ಕೊಟ್ಟೇ ಹೋಗಬೇಕು. ನನಗೆ ನಸುಕಿನಲ್ಲೇ ಫೋನು: ‘ಲಗೂ ಬಾರೋ, ಎಳೆಬಿಸಿಲಾಗ ನೋಡಬೇಕು.’ ಮೂಡಣ ಕಿಟಕಿಯ ಬಿಸಿಲಲ್ಲಿ ಕೆನೆ ಗೆದ್ದಿತು. ಮಧ್ಯಾಹ್ನ ಫರಸಿಯ ಬೂದು ನೆರಳು ಗೋಡೆಗೆ ಹೊಡೆದು ಬಾದಾಮಿ ಗೆದ್ದಿತು. ರಾತ್ರಿ ಹಳದಿ ಬಲ್ಬಿನ ಕೆಳಗೆ ಎರಡೂ ಒಂದೇ. ಅಷ್ಟರಲ್ಲಿ ಕರೆಂಟು ಹೋಯಿತು. ಬದುಕಿದೆ ಅಂದುಕೊಂಡೆ. ಕತ್ತಲಲ್ಲೇ ದನಿ ಬಂತು: ‘ಈಗ ನೋಡು, ಬಾದಾಮಿ ಚೂರು ಕಪ್ಪು ಅನಸ್ತೈತಿ.’

ನಾನೂ ಕಣ್ಣು ಕಿರಿದು ಮಾಡಿ ನೋಡಿದೆನಲ್ಲ, ಅದಕ್ಕೇನು ಹೇಳಲಿ!

ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಶೇಡ್ ಕಾರ್ಡಿನಲ್ಲಿ ತಿಳಿಯಾಗಿ ಕಂಡದ್ದು ನಾಲ್ಕೂ ಗೋಡೆ ತುಂಬಿದಾಗ ಗಾಢವಾಗುತ್ತದೆ. ಹಸಿಯಿದ್ದಾಗಿನ ಬಣ್ಣ ಒಣಗಿದ ಮೇಲೆ ಇರುವುದಿಲ್ಲ. ಎರಡನೆಯ ಕೈ ಬೀಳದೆ ನಿಜಬಣ್ಣ ಬಯಲಾಗದು. ಇದನ್ನೆಲ್ಲ ಕಾಕಾ ಪೇಂಟರನಿಗೇ ಕಲಿಸುತ್ತಿದ್ದರು. ಪಗಾರ ಓಡುತ್ತಿದ್ದುದರಿಂದ ಅವನೂ ಭಕ್ತಿಯಿಂದ ಕೇಳುತ್ತಿದ್ದ.

‘ಸುಣ್ಣಾನ ಹೊಡಸ್ರಿ ಕಾಕಾ’ ಎಂದೆ, ಸಿಟ್ಟಿನಿಂದ.

ಕಾಕಾ ನಕ್ಕರು. ಸುಣ್ಣ ಅರಳಿಸಿ, ಚಿಟಿಕೆ ನೀಲಿ ಕಲಸಿ ಹೊಡೆದು, ಬುಡಕ್ಕೊಂದು ಕೆಮ್ಮಣ್ಣಿನ ಪಟ್ಟಿ ಎಳೆದರೆ ಓಣಿಗೆಲ್ಲ ಒಂದೇ ಗೋಡೆಯಾಗಿದ್ದ ಕಾಲ ಅವರದು. ‘ಆರಿಸೂದು ಅಂಬೂದs ಇರಲಿಲ್ಲಲ್ಲೋ’ ಎಂದರು. ಅವರ ಶಾಲೆ ಆರಿಸಿದ್ದು ಅಜ್ಜ, ನೌಕರಿ ಆರಿಸಿದ್ದು ಸೋದರಮಾವ, ಹೆಂಡತಿ ಆ ಮಾವನ ಮಗಳೇ. 1997ರಲ್ಲಿ ಶಿರಹಟ್ಟಿಯನ್ನು ಧಾರವಾಡ ಜಿಲ್ಲೆಯಿಂದ ತೆಗೆದು ಗದಗಿಗೆ ಸೇರಿಸಿದಾಗಲೂ ಯಾರೂ ಕಾಕಾನನ್ನು ಕೇಳಲಿಲ್ಲ. ‘ನಿಮಗ ಯಾವುದು ಬೇಕ್ರಿ?’ ಎಂದು ಮೊದಲು ಕೇಳಿದವನು ಬಣ್ಣದಂಗಡಿಯವನು; ಅದೂ ಅರವತ್ತು ದಾಟಿದ ಮೇಲೆ, ದಪ್ಪ ಬಣ್ಣದ ಪುಸ್ತಕವನ್ನೇ ಕೈಗಿಟ್ಟು. ಅಷ್ಟು ಬೇಗ ಉತ್ತರ ಕೊಟ್ಟು ಮುಗಿಸುವುದಾದರೂ ಹೇಗೆ?

ಕೊನೆಗೊಂದು ಬೆಳಿಗ್ಗೆ ಕಾಕಾ ಸಂತೆಗೆ ಹೋದಾಗ ಕಾಕು ಪೇಂಟರನನ್ನು ಕರೆದು, ‘ಕೆನೀನ ಹಚ್ಚಪಾ’ ಎಂದರು. ಕಾಕಾ ಬರುವಷ್ಟರಲ್ಲಿ ‘ಕೆ’ಯೂ ‘ಬಾ’ಯೂ ಬಣ್ಣದಡಿ ಮುಚ್ಚಿಹೋಗಿದ್ದವು. ಕಾಕಾ ಚೀಲ ಕೆಳಗಿಟ್ಟು, ಗೋಡೆಗಳನ್ನೆಲ್ಲ ನೋಡಿ, ತಲೆಯಾಡಿಸಿದರು.

‘ನಾ ಅಂದಿದ್ನೆಲ್ಲ, ಬಾದಾಮಿನs ಛಲೋ ಅಂತ!’