ಅರ ಹಿಡಿದ ಅಳಿಯ

ಪೆನ್ಸಿಲ್ವೇನಿಯಾದಲ್ಲಿ ಮನೆ ಮಾಡಿದ ಕನ್ನಡಿಗರಿಗೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಹುಚ್ಚು ಹಿಡಿಯುತ್ತದೆ. ಚಳಿಗಾಲದಲ್ಲಿ ಕರಿಬೇವಿನ ಗಿಡ ಬದುಕಿಸುವುದು, ಇಲ್ಲವೇ ಕನ್ನಡ ಕೂಟದ ಪದಾಧಿಕಾರಿಯಾಗುವುದು. ನನ್ನ ಕೈಯಲ್ಲಿ ಕರಿಬೇವು ಉಳಿಯಲಿಲ್ಲ, ಕೂಟದವರು ನನ್ನನ್ನು ಉಳಿಸಿಕೊಳ್ಳಲಿಲ್ಲ. ಹಾಗಾಗಿ ನಾನು ಕೋವಿ ಕಟ್ಟಲು ಕೂತೆ.

ಕಟ್ಟುವುದು ಎಂದರೆ ಕುಲುಮೆ ಊದಿ ಕಬ್ಬಿಣ ಕಾಯಿಸುವುದಲ್ಲ. ನಳಿಗೆ, ಚಕಮಕಿ ಕಲ್ಲಿನ ಕುದುರೆ, ಮುಕ್ಕಾಲು ಕೆತ್ತಿದ ಮರದ ಹಿಡಿ, ಹಿತ್ತಾಳೆ ತುಣುಕುಗಳು, ತಿರುಪು ಮೊಳೆ ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಬರುತ್ತವೆ. ಮೂತಿಯಿಂದ ಮಸಿ ತುಂಬಿ ಜಡಿಯುವ ಹಳೇ ಮಾದರಿಯ ಕೋವಿ. ಅಮೆರಿಕದ 1968ರ ಬಂದೂಕು ಕಾಯಿದೆ ಇಂಥದ್ದನ್ನು ಪ್ರಾಚೀನ ವಸ್ತುಗಳ ಸಾಲಿಗೆ ಸೇರಿಸಿಬಿಟ್ಟಿದೆ. ರಾಜ್ಯಗಳ ಕಟ್ಟಳೆ ಬೇರೆ ಬೇರೆ ಇದ್ದರೂ ಒಕ್ಕೂಟದ ಕಾನೂನಿನ ಕಣ್ಣಿಗೆ ಅದು ಬಂದೂಕೇ ಅಲ್ಲ. ತೀರ್ಥಹಳ್ಳಿ ಕಡೆ ನಮ್ಮಜ್ಜ ಮಂಗ ಬೆದರಿಸಲು ಇಟ್ಟುಕೊಂಡಿದ್ದ ಕೇಪಿನ ಕೋವಿಯ ಲೈಸೆನ್ಸಿಗೆ ತಾಲೂಕು ಕಚೇರಿ ಸುತ್ತಿ ಸವೆದರು. ಚುನಾವಣೆ ಬಂದಾಗಲೆಲ್ಲ ಅದನ್ನು ಹೆಗಲಿಗೇರಿಸಿಕೊಂಡು ಹೋಗಿ ಪೊಲೀಸ್ ಠಾಣೆಯಲ್ಲಿ ಒಪ್ಪಿಸಿ ರಸೀದಿ ತರುತ್ತಿದ್ದರು. ಮೊಮ್ಮಗನ ಕೋವಿಯನ್ನು ಇಲ್ಲಿ ಕೊರಿಯರ್ ಹುಡುಗ ಬಾಗಿಲಲ್ಲಿಟ್ಟು, ಸಹಿಯನ್ನೂ ಕೇಳದೆ ಹೋದ.

‘ಯಾರನ್ನ ಹೊಡೀಲಿಕ್ಕೆ?’ ಎಂದಳು ಹೆಂಡತಿ. ನ್ಯಾಯವಾದ ಪ್ರಶ್ನೆ. ಈ ರಾಜ್ಯದಲ್ಲಿ ಕ್ರಿಸ್‌ಮಸ್ ಮುಗಿದ ಮೇಲೆ ಚಕಮಕಿ ಕೋವಿಯವರಿಗೆಂದೇ ಜಿಂಕೆ ಬೇಟೆಯ ಹಂಗಾಮು ಇದೆ, 1974ರಿಂದ. ನಮ್ಮ ಮನೆಯೊಳಗೆ ಕೇಕು ಬರುವುದಾದರೂ ಅದಕ್ಕೆ ಮೊಟ್ಟೆ ಬಿದ್ದಿಲ್ಲವೆಂದು ಪ್ರಮಾಣ ಮಾಡಬೇಕು. ‘ಇತಿಹಾಸಕ್ಕೆ,’ ಎಂದೆ. ‘ಇತಿಹಾಸಾನ ಗರಾಜಲ್ಲೇ ಇಟ್ಕೊಳ್ಳಿ,’ ಎಂದಳು.

ಇತಿಹಾಸವೇನೋ ಇದೆ. ಹದಿನೆಂಟನೆಯ ಶತಮಾನದಲ್ಲಿ ಜರ್ಮನ್ ಮೂಲದ ಕಮ್ಮಾರರು ನಮ್ಮ ಪಕ್ಕದ ಲ್ಯಾಂಕಾಸ್ಟರ್ ಸೀಮೆಯಲ್ಲೇ ಈ ಉದ್ದ ಕೋವಿಯನ್ನು ರೂಪಿಸಿದ್ದು. ಆದರೆ 1815ರ ನ್ಯೂ ಆರ್ಲಿಯನ್ಸ್ ಕದನದ ಮೇಲೆ ಯಾರೋ ಲಾವಣಿ ಕಟ್ಟಿ ಕೆಂಟಕಿಯ ಬೇಟೆಗಾರರನ್ನು ಹೊಗಳಿದರು. ಅಂದಿನಿಂದ ಲೋಕದ ಬಾಯಲ್ಲಿ ಅದು ಕೆಂಟಕಿ ರೈಫಲ್. ಮಾಡಿದವರು ಒಬ್ಬರು, ಹೆಸರು ಇನ್ನೊಬ್ಬರದು. ನಾನು ಮಾಡಹೊರಟದ್ದೂ ಅದೇ ಪರಂಪರೆಯ ಕೆಲಸ.

ಏಕೆಂದರೆ ನನ್ನ ನಳಿಗೆಯ ಮೇಲೆ ಕಾರ್ಖಾನೆಯವರು ಒಂದು ಪ್ರಬಂಧವನ್ನೇ ಒತ್ತಿದ್ದರು. ಕಂಪನಿಯ ಹೆಸರು, ಊರು, ದೇಶ, ಅಳತೆ, ‘ಬಳಸುವ ಮುನ್ನ ಕೈಪಿಡಿ ಓದಿ’ ಎಂಬ ಉಪದೇಶ, ಕರಿಮದ್ದು ಮಾತ್ರ ತುಂಬಬೇಕೆಂಬ ಎಚ್ಚರಿಕೆ. 1770ರ ಕಾಡಿನಲ್ಲಿ ಯಾವ ಬೇಟೆಗಾರ ಕೈಪಿಡಿ ಓದುತ್ತ ನಿಂತಿದ್ದ? ಗೋಡೆಯ ಮೇಲೆ ತೂಗುಹಾಕಿದಾಗ ಬಂದವರು ‘ನೀವೇ ಮಾಡಿದ್ದಾ?’ ಎಂದು ಕೇಳಬೇಕು, ನಾನು ವಿನಯದಿಂದ ತಲೆ ತಗ್ಗಿಸಬೇಕು. ಅಷ್ಟರಲ್ಲಿ ಅವರು ಹತ್ತಿರ ಹೋಗಿ ಅಕ್ಷರ ಓದಿಬಿಟ್ಟರೆ? ಅರ ಹಿಡಿದು ಅವನ್ನು ಅಳಿಸಲೇಬೇಕು. ಹೆಂಡತಿಗೆ ಈ ಸೂಕ್ಷ್ಮ ತಕ್ಷಣ ಅರ್ಥವಾಯಿತು. ‘ಜಾಮೂನ್ ಮಿಕ್ಸಿನ ಪೊಟ್ಟಣ ಕಸದ ಬುಟ್ಟಿಯ ತಳಕ್ಕೆ ಒತ್ತಿದ ಹಾಗೆ,’ ಎಂದಳು. ಆ ವಿದ್ಯೆಯಲ್ಲಿ ಅವಳಿಗೆ ಅನುಭವವಿದೆ.

ಆದರೆ ಎರಡು ಷರತ್ತು ಹಾಕಿದಳು. ಒಂದು, ಕ್ರಮಸಂಖ್ಯೆಯ ಹತ್ತಿರ ಅರ ಸುಳಿಯಕೂಡದು. ಪ್ರಾಚೀನವೋ ಅರ್ವಾಚೀನವೋ, ಸಂಖ್ಯೆ ಅಳಿಸಿದ ಕೋವಿ ಮನೆಯಲ್ಲಿದ್ದರೆ, ವರ್ಷಗಟ್ಟಲೆ ಕಾದು ಪಡೆದ ಗ್ರೀನ್ ಕಾರ್ಡು ಹೊಗೆ ಹೋದೀತು. ಎರಡು, ಕರಿಮದ್ದಿನ ಎಚ್ಚರಿಕೆ ಇದ್ದಲ್ಲೇ ಇರಬೇಕು. ಹೊಗೆಯಿಲ್ಲದ ಈಗಿನ ಮದ್ದನ್ನು ಇಂಥ ನಳಿಗೆಗೆ ತುಂಬಿದರೆ ಅದರ ಒತ್ತಡಕ್ಕೆ ನಳಿಗೆಯೇ ಸಿಡಿಯುತ್ತದೆ. ‘ನಾಳೆ ನೀವಿಲ್ಲದಾಗ ಯಾರಾದ್ರೂ ಇದನ್ನ ತಗೊಂಡು...’ ಎಂದು ಶುರುಮಾಡಿದವಳು, ನಾನಿಲ್ಲದ ಲೋಕವನ್ನು ಬಹಳ ವಿವರವಾಗಿ, ಅನವಶ್ಯಕ ಸಮಾಧಾನದಿಂದ ಬಣ್ಣಿಸಿದಳು. ಒಪ್ಪಿಕೊಂಡೆ. ಎಚ್ಚರಿಕೆ ಪಕ್ಕದ ಮುಖದಲ್ಲಿತ್ತು, ನನ್ನ ಹಗೆತನವೆಲ್ಲ ಮೇಲಿನ ಮುಖದ ಕಂಪನಿಯ ಹೆಸರಿನೊಂದಿಗೆ.

ಇಲ್ಲಿ ಮಾವನವರ ಪ್ರವೇಶ. ಮಗಳ ಮನೆಗೆ ಆರು ತಿಂಗಳಿಗೆಂದು ಬಂದು, ನೋಡುವುದೆಲ್ಲ ಮೊದಲ ತಿಂಗಳೇ ಮುಗಿಸಿ, ಕಿಟಕಿಯಿಂದ ಕಾರುಗಳನ್ನು ಎಣಿಸುತ್ತಿದ್ದರು. ನಿವೃತ್ತ ಐಟಿಐ ಬೋಧಕರು, ಫಿಟ್ಟರ್ ಟ್ರೇಡ್. ಗರಾಜಿನಿಂದ ಅರದ ಸದ್ದು ಕೇಳಿದ್ದೇ, ಸರ್ಕಸ್ಸಿನ ಮುದಿ ಕುದುರೆಗೆ ಬ್ಯಾಂಡು ಕೇಳಿದಂತಾಗಿ ಇಳಿದುಬಂದರು.

‘ಅಳಿಯಂದ್ರೇ, ಅದೇನು ಅರ ಹಿಡಿದಿದ್ದೋ, ವೀಣೆ ಹಿಡಿದಿದ್ದೋ?’

ನಾನು ಹಿಡಿದದ್ದು ಪುಸ್ತಕದಲ್ಲಿದ್ದ ಹಾಗೆಯೇ. ಎರಡೂ ತುದಿ ಎರಡು ಕೈಯಲ್ಲಿ, ಅರ ನಳಿಗೆಗೆ ಅಡ್ಡ, ಉದ್ದಕ್ಕೂ ಎಳೆಯುವುದು. ಹಾಗೆ ಎಳೆದರೆ ಮೇಲ್ಮೈ ನಯವಾಗಿ ಬರುತ್ತದೆ. ನಾನು ಮಾತ್ರ ಅಕ್ಷರಗಳಿದ್ದ ಗೇಣುದ್ದದಲ್ಲೇ ಎಳೆಯುತ್ತಿದ್ದೆ. ಮಾವ ಒಂದು ಉಕ್ಕಿನ ಅಳತೆಪಟ್ಟಿಯ ಅಂಚನ್ನು ನಳಿಗೆಯ ಮೇಲೆ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಬಿಟ್ಟು, ಕಣ್ಣು ಕಿರಿದು ಮಾಡಿದರು. ‘ಬೆಳಕು ಬರ್ತಿದೆ,’ ಎಂದರು. ನಾನು ಹಿಗ್ಗಿದೆ. ಬೆಳಕು ಬಂದರೆ ಅಲ್ಲಿ ಗುಳಿ ಬಿದ್ದಿದೆ ಎಂದರ್ಥವಂತೆ. ನಂತರದ ದಿನಗಳಲ್ಲಿ ನನ್ನ ಮನೆಯಲ್ಲಿ ‘ಬೆಳಕು’ ಎಂಬುದಕ್ಕಿಂತ ದೊಡ್ಡ ಬೈಗುಳವಿರಲಿಲ್ಲ.

ಅಕ್ಷರವೊಂದನ್ನೇ ಅಳಿಸಲಾಗದು, ಇಡೀ ಮುಖವನ್ನೇ ಅಕ್ಷರದ ಆಳಕ್ಕೆ ಇಳಿಸಬೇಕು. ಮಾವ ಪೆನ್ಸಿಲ್ ತೆಗೆದು ಲೆಕ್ಕ ಹಾಕಿದರು: ಎದುರುಬದುರು ಮುಖಗಳ ನಡುವೆ 22.2 ಮಿಲಿಮೀಟರು, ಒಳಗಿನ ತೂತು 12.7, ಅಂದರೆ ಗೋಡೆಯ ದಪ್ಪ 4.75. ಒತ್ತಿದ ಅಕ್ಷರ ಅದರಲ್ಲಿ ಕೂದಲೆಳೆಯಷ್ಟು, ಹೆದರುವುದೇನಿಲ್ಲ. ಹೆದರಬೇಕಾದ್ದು ಬೇರೆ. ನಳಿಗೆಗೆ ಎಂಟು ಮುಖ. ಒಂದನ್ನು ಅರೆದರೆ ಅದು ಅಗಲವಾಗುತ್ತದೆ, ಅಕ್ಕಪಕ್ಕದವು ಕಿರಿದಾಗುತ್ತವೆ, ಅವುಗಳ ಸಮಾಧಾನಕ್ಕೆ ಅವನ್ನೂ ಅರೆಯಬೇಕು, ಆಗ ಅವುಗಳ ಪಕ್ಕದವು ಮುನಿಸಿಕೊಳ್ಳುತ್ತವೆ. ಪಕ್ಕದ ಮುಖಕ್ಕೆ ಎಚ್ಚರಿಕೆಯ ರಕ್ಷಣೆ ಇದ್ದದ್ದರಿಂದ, ಎಲ್ಲಿಗೆ ನಿಲ್ಲಿಸಬೇಕೆಂಬ ಬಗ್ಗೆ ಮಾವ ಅಳಿಯಂದಿರ ನಡುವೆ ನಡೆದ ಮಾತುಕತೆ ಕಾವೇರಿ ನ್ಯಾಯಮಂಡಳಿಯ ಕಡತದಷ್ಟು ಬೆಳೆಯಿತು.

ಅರದ ಹಲ್ಲಿನ ಸಂದಿಗೆ ಉಕ್ಕಿನ ಪುಡಿ ಸಿಕ್ಕಿಕೊಂಡರೆ ನಳಿಗೆಯ ಮೇಲೆ ಗೀರು ಬೀಳುತ್ತದೆ, ಅದಕ್ಕೆ ಸೀಮೆಸುಣ್ಣ ಉಜ್ಜಬೇಕು. ಮನೆಯಲ್ಲಿದ್ದದ್ದು ಮಗಳು ಅಂಗಳದ ಕಾಂಕ್ರೀಟಿನ ಮೇಲೆ ಹೂ ಬರೆಯುವ ಬಣ್ಣದ ಸುಣ್ಣದ ಕಡ್ಡಿ. ಗುಲಾಬಿ ಬಣ್ಣದ್ದು ಬಿಟ್ಟು ಬೇರೆ ಯಾವುದನ್ನೂ ಕೊಡಲು ಅವಳು ಒಪ್ಪಲಿಲ್ಲ. ಹಾಗಾಗಿ ನನ್ನ ಹದಿನೆಂಟನೆಯ ಶತಮಾನ ಸಾಕಷ್ಟು ದಿನ ಗುಲಾಬಿಯಾಗಿತ್ತು.

ಕೊನೆಗೆ ಅಕ್ಷರ ಹೋದವು. ಹೋದವು ಎಂದು ಕಳೆದವರ ಗೊಡವೆಗೆ ಹೋಗದೆ ಹೇಳಿದೆ, ಆದರೆ ಕಳೆದವರು ಮಾವ. ನನ್ನ ಪಾಲಿಗೆ ಟಾರ್ಚು ಹಿಡಿಯುವುದಿತ್ತು.

ಇಷ್ಟು ಹೊಳೆಯುವ ಉಕ್ಕಿಗೆ ಈಗ ಕಂದು ಬಣ್ಣ ಬರಬೇಕು, ಹಳೆಯವರು ಹಾಗೇ ಮಾಡುತ್ತಿದ್ದರು. ಕಂದು ಎಂದರೆ ತುಕ್ಕು. ಶೀಶೆಯ ದ್ರಾವಣ ಸವರಿ, ತೇವದ ಗಾಳಿಯಲ್ಲಿಟ್ಟು, ಎದ್ದ ತುಕ್ಕನ್ನು ಒರಸಿ, ಮತ್ತೆ ಸವರಿ, ಬಣ್ಣ ಕೂರುವ ತನಕ ಹೀಗೇ. ಮಲೆನಾಡಿನ ಮಳೆಗಾಲದಲ್ಲಿ ಕತ್ತಿ ಹಾರೆಗಳಿಗೆ ತುಕ್ಕು ಹತ್ತದಂತೆ ಎಣ್ಣೆ ಸವರುತ್ತಲೇ ಆಯುಷ್ಯ ಕಳೆದ ಮಾವ, ಅಳಿಯ ತುಕ್ಕನ್ನು ಡಾಲರು ಕೊಟ್ಟು ತರಿಸಿದ್ದನ್ನು ಕಂಡು ಮೌನವಾದರು. ಮಗಳ ಕಡೆ ನೋಡಿದರು. ಜಾತಕ ಹೊಂದಿಸಿದ್ದು ಅವರೇ.

ತೇವಕ್ಕೆ ಬಾತ್‌ರೂಮೇ ಗತಿ. ನಳಿಗೆಗೆ ಬಿಸಿನೀರಿನ ಹಬೆಯ ಉಪಚಾರ ನಡೆಯುವಾಗ ಮನೆಮಂದಿಯ ಸ್ನಾನಕ್ಕೆ ಸರದಿ. ತುಕ್ಕು ಸಾಕು ಎನಿಸಿದಾಗ ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು ತಡೆಯಬೇಕು. ಆ ನೀರು ಕಾಯಿಸಲು ಕೈಗೆ ಸಿಕ್ಕ ದೊಡ್ಡ ತಪ್ಪಲೆ ಎತ್ತಿಕೊಂಡೆ. ಅದರ ಕಂಠದಲ್ಲಿ ಹೆಂಡತಿಯ ಅಜ್ಜಿಯ ಹೆಸರು ಚುಕ್ಕಿ ಚುಕ್ಕಿಯಾಗಿ ಕೆತ್ತಿತ್ತು. ‘ಒಂದು ಹೆಸರು ಅಳಿಸಿದ್ದು ಸಾಲದಾ?’ ಎಂಬ ಕೂಗು ಅಡುಗೆಮನೆಯಿಂದ ಬಂತು. ಬೇರೆ ಪಾತ್ರೆ ಹುಡುಕಿದೆ. ಕೊನೆಯಲ್ಲಿ ಮಾವ ತಾವೇ ಕೊಬ್ಬರಿ ಎಣ್ಣೆ ಸವರಿದರು. ಜಗತ್ತಿನಲ್ಲಿ ಕೇರಳದ ಎಣ್ಣೆಸ್ನಾನದ ಪರಿಮಳ ಬೀರುವ ಪೆನ್ಸಿಲ್ವೇನಿಯಾ ರೈಫಲ್ ಇದೊಂದೇ ಇರಬಹುದು.

ಪಕ್ಕದ ಮನೆಯ ಮುದುಕರು ಇಂಥವನ್ನು ಕಟ್ಟುವುದರಲ್ಲೇ ನರೆತವರು. ಕರೆದು ತೋರಿಸಿದೆವು. ನಳಿಗೆಯನ್ನು ಬೆಳಕಿಗೆ ಹಿಡಿದು, ತುದಿಯಿಂದ ತುದಿಗೆ ಕಣ್ಣೋಡಿಸಿ, ಮೆಚ್ಚಿದರು. ಆಮೇಲೆ ಮೇಲಿನ ಮುಖ ತಡವಿ, ‘ಹೆಸರೆಲ್ಲಿ?’ ಎಂದರು. ಲ್ಯಾಂಕಾಸ್ಟರಿನ ಹಳೆಯ ಕುಶಲಿಗರಲ್ಲಿ ಅನೇಕರು ಸರಿಯಾಗಿ ಅದೇ ಜಾಗದಲ್ಲಿ ತಮ್ಮ ಹೆಸರು ಕೆತ್ತುತ್ತಿದ್ದರಂತೆ. ಮಾವ ತಕ್ಷಣ ಶ್ರೀರಂಗಪಟ್ಟಣವನ್ನು ಎಳೆದುತಂದರು: ಟಿಪ್ಪುವಿನ ಕಾರ್ಖಾನೆಯ ಕೋವಿಗಳ ಮೇಲೂ ಹುಲಿಪಟ್ಟೆ, ಊರು, ವರ್ಷ ಎಲ್ಲ ಇರುತ್ತಿದ್ದವು, ಈಗ ಲಂಡನ್ನಿನ ಹರಾಜಿನಲ್ಲಿ ಜನ ಆ ಗುರುತು ನೋಡಿಯೇ ಹಣ ಸುರಿಯುತ್ತಾರೆ ಎಂದು. ಮುದುಕರು ತಲೆದೂಗಿ, ‘ಹಾಗಾದರೆ ಇದನ್ನು ಮಾಡಿದ್ದು ಯಾರು?’ ಎಂದು ಇಬ್ಬರನ್ನೂ ನೋಡಿದರು.

ನಾನು ವಿನಯದಿಂದ ತಲೆ ತಗ್ಗಿಸಲು ಶುರುಮಾಡಿದ್ದೆ.

‘ಮೈ ಟ್ರೇನಿ,’ ಎಂದರು ಮಾವ, ನನ್ನತ್ತ ಬೆರಳು ಮಾಡಿ. ಐಟಿಐಯಲ್ಲಿ ಜಾಬ್ ಮುಗಿಸಿದ ಹುಡುಗ ಅದರ ಮೇಲೆ ತನ್ನ ರೋಲ್ ನಂಬರು ಗುದ್ದಿ ಒಪ್ಪಿಸಬೇಕು. ನನ್ನ ಬ್ಯಾಚಿನಲ್ಲಿ ನಾನೊಬ್ಬನೇ ಆದ್ದರಿಂದ ನಂಬರು ಒಂದು. ಎಲ್ಲಿ ಗುದ್ದಲಿ ಎಂದು ಕೇಳಿದೆ. ಮಾವ ನಳಿಗೆಯನ್ನು ಮಗುಚಿ, ಮರದೊಳಗೆ ಮುಚ್ಚಿಹೋಗುವ ಕೆಳಗಿನ ಮುಖ ತೋರಿಸಿದರು.