ಜಪಾನಿನ ರಜೆ, ಕೊಟ್ಟೂರಿನ ಪಂಚಾಯ್ತಿ

ಜಪಾನಿಗೆ ಹೋಗಿಬರುವುದು ದೊಡ್ಡ ಮಾತಲ್ಲ. ಪಾಸ್‌ಪೋರ್ಟು, ವೀಸಾ, ದುಡ್ಡು ಮೂರೂ ಇದ್ದರೆ ಬೆಂಗಳೂರಿನಲ್ಲಿ ವಿಮಾನ ಹತ್ತಿದವನು ಸೀದಾ ಟೋಕಿಯೊ ಬಳಿಯ ನಾರಿಟಾದಲ್ಲಿ ಇಳಿಯಬಹುದು. ಆದರೆ ಯಾವಾಗ ಹೋಗುವುದು ಎಂದು ಕೊಟ್ಟೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ತೀರ್ಮಾನಿಸುವುದಿದೆಯಲ್ಲ, ಅದು ದೊಡ್ಡ ಮಾತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ವೀಟೋ ಇರುವುದು ಐದೇ ದೇಶಗಳಿಗೆ. ನಮ್ಮ ಮನೆಯಲ್ಲಿ ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ಇದೆ.

ಮಗ ಸೊಸೆ ಇರುವುದು ಟೋಕಿಯೊದ ಎಡೊಗಾವಾ ವಾರ್ಡಿನ ನಿಶಿ ಕಸಾಯಿಯಲ್ಲಿ. ನಮ್ಮ ದೇಶದವರು ಬಹಳ ಇರುವ ಬಡಾವಣೆ. ಇಬ್ಬರೂ ಕೆಲಸಕ್ಕೆ ಹೋಗುವವರು. ನಮ್ಮೂರ ಜಾತ್ರೆ ಮುಗಿದ ಮೇಲೆ ಒಂದು ದಿನ ಮಗ ಫೋನಿನಲ್ಲಿ, “ಅಪ್ಪಾ, ಈ ವರ್ಷ ಸೆಪ್ಟೆಂಬರಿನಾಗ ಬರ್ರಿ. ಸಿಲ್ವರ್ ವೀಕ್ ಐತಿ, ಐದು ದಿನ ಸಾಲು ರಜಾ” ಅಂದ. ಫೋನು ಇಟ್ಟವನೇ ನಾನು ಅಧಿಕಾರ ವಹಿಸಿಕೊಂಡೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನಿಗೆ ಒಂದು ಚೂರು ಸೀಮೆಸುಣ್ಣ, ಎದುರಿಗೆ ಎದ್ದುಹೋಗಲಾಗದ ಇಬ್ಬರು ಸಿಕ್ಕರೆ ಸಾಕು. ಹೆಂಡತಿ ಶೇಂಗಾ ಸುಲಿಯುತ್ತ ಕೂತಿದ್ದಳು. ಅವ್ವನಿಗೆ ಮೊಣಕಾಲು ನೋವು. ಟ್ಯೂಷನ್ ಕಾಲದ ಕರಿಹಲಗೆಯನ್ನು ಅಟ್ಟದಿಂದ ಇಳಿಸಿದೆ.

“ಜಪಾನಿನಲ್ಲಿ ವರ್ಷಕ್ಕೆ 16 ರಾಷ್ಟ್ರೀಯ ರಜೆ. ಎಲ್ಲಕ್ಕೂ 1948ರ ಕಾನೂನು ಆಧಾರ” ಎಂದು ಶುರು ಮಾಡಿದೆ. “ಸೆಪ್ಟೆಂಬರಿನ ಮೂರನೇ ಸೋಮವಾರ ಹಿರಿಯರನ್ನು ಗೌರವಿಸುವ ದಿನ. 22ಕ್ಕೋ 23ಕ್ಕೋ ಶರತ್ಕಾಲದ ವಿಷುವ ದಿನ. 2026ರಲ್ಲಿ ಹಿರಿಯರ ದಿನ 21ನೇ ತಾರೀಖು ಸೋಮವಾರ, ವಿಷುವ 23 ಬುಧವಾರ. ನಡುವೆ ಸಿಕ್ಕಿಬಿದ್ದ ಮಂಗಳವಾರ ಏನಾಗುತ್ತದೆ?”

ಯಾರೂ ಕೈ ಎತ್ತಲಿಲ್ಲ.

“ಎರಡು ರಜೆಗಳ ನಡುವೆ ಸಿಕ್ಕ ದಿನವೂ ರಜೆ ಅಂತ 1985ರಲ್ಲಿ ತಿದ್ದುಪಡಿ ತಂದಿದ್ದಾರೆ! ಶನಿವಾರ, ಭಾನುವಾರ ಸೇರಿದರೆ 19ರಿಂದ 23ರ ತನಕ ಐದು ದಿನ. ಇದು ವರ್ಷಾ ವರ್ಷ ಬರುವುದಲ್ಲ. 2009ರಲ್ಲಿ ಬಂದಿತ್ತು, 2015ರಲ್ಲಿ ಬಂದಿತ್ತು, ಈಗ ಬಂದಿದೆ. ಇದು ತಪ್ಪಿದರೆ ಮುಂದಿನದು 2032ಕ್ಕೆ.”

“ಇದಕ್ಕ ತಿದ್ದುಪಡಿ ಯಾಕ ಬೇಕಿತ್ತು?” ಅಂದಳು ಹೆಂಡತಿ. “ಎರಡು ರಜಾ ನಡುವ ಒಂದು ದಿನ ಸಿಕ್ಕರ ನೀವು ಮೇಷ್ಟ್ರುಗಳೆಲ್ಲ ಸಿ.ಎಲ್. ಚೀಟಿ ಬರದು ಕೊಡ್ತಿದ್ರಿ. ಅದರಾಗೂ ನಿಮಗ ಹೊಟ್ಟಿನೋವು ಬರ್ತಿದ್ದುದು ಅಂಥಾ ದಿನಾನ.”

ನಿವೃತ್ತನಾದವನ ಹಳೆಯ ಕಡತಗಳನ್ನು ತೆರೆಯುವ ಅಧಿಕಾರ ಇಲಾಖೆಗೂ ಇಲ್ಲ. ಹೆಂಡತಿಗೆ ಮಾತ್ರ ಇದೆ. ನಾನು ಕೇಳಿಸಿಕೊಳ್ಳದವನಂತೆ ವಿಷುವದ ಕಡೆ ತಿರುಗಿದೆ. ಅಲ್ಲಿ ನನಗೆ ನಿಜವಾಗಿ ರೋಮಾಂಚನ ಆಗಿತ್ತು. ಸರ್ವೀಸಿನುದ್ದಕ್ಕೂ ಹಗಲು ರಾತ್ರಿ ಸರಿಸುಮಾರು ಸಮ, ಸೂರ್ಯನ ಕಿರಣ ಸಮಭಾಜಕ ವೃತ್ತದ ಮೇಲೆ ನೇರ ಎಂದು ಕೂಗಿ ಕೂಗಿ ಹೇಳಿದೆ. ಒಬ್ಬ ಹುಡುಗನೂ ಅದಕ್ಕೆ ಕಿವಿಗೊಟ್ಟಿರಲಿಲ್ಲ. ಅದೇ ವಿಷಯಕ್ಕೆ ಒಂದು ದೇಶ ಕಚೇರಿ ಮುಚ್ಚುತ್ತದೆ! ಅದೂ ವರ್ಷಕ್ಕೆ ಎರಡು ಸಲ, ಮಾರ್ಚಿಗೊಂದು, ಸೆಪ್ಟೆಂಬರಿಗೊಂದು. ಜುಲೈನಲ್ಲಿ ಸಮುದ್ರದ ದಿನ, ಆಗಸ್ಟ್ 11ಕ್ಕೆ ಪರ್ವತದ ದಿನ, ಮೇ 4ಕ್ಕೆ ಹಸಿರಿನ ದಿನ. ನನ್ನ ಭೂಗೋಳದ ಪಾಠಗಳನ್ನೇ ಯಾರೋ ರಜಾಪಟ್ಟಿ ಮಾಡಿದಂತಿತ್ತು.

“ವಿಷುವದ ತಾರೀಖನ್ನು ಮಂತ್ರಿಗಳು ಹೇಳೋದಿಲ್ಲ. ಖಗೋಳ ವೀಕ್ಷಣಾಲಯದವರು ಲೆಕ್ಕ ಹಾಕಿ ಕೊಡ್ತಾರೆ, ಹಿಂದಿನ ವರ್ಷದ ಫೆಬ್ರುವರಿಯಲ್ಲೇ ಸರ್ಕಾರದ ಗೆಜೆಟ್ಟಿನಲ್ಲಿ ಬರುತ್ತದೆ. 2012ರಲ್ಲಿ ಅದು 22ಕ್ಕೆ ಬಂತು. ಹಾಗೆ ಆಗಿದ್ದು 116 ವರ್ಷದ ಮೇಲೆ!”

ಇಷ್ಟಕ್ಕೆ ಅವ್ವ ತಲೆದೂಗಿದಳು. “ಮತ್ತ? ನಮ್ಮ ಕೊಟ್ರಯ್ಯನ ತೇರು ಎಳಿಯೂದು ಮೂಲಾ ನಕ್ಷತ್ರ ನೋಡಿನ. ನಕ್ಷತ್ರ ಕೂಡಿದ ಮ್ಯಾಲೆ ಮಂತ್ರಿ ಬಂದ್ರ ಏನು, ಬಿಟ್ರ ಏನು?” ಜಪಾನಿನ ಖಗೋಳ ವಿಜ್ಞಾನಕ್ಕೆ ನಮ್ಮ ಮನೆಯಲ್ಲಿ ಮಾನ್ಯತೆ ಸಿಕ್ಕಿತು.

ಆದರೆ ‘ಹ್ಯಾಪಿ ಮಂಡೇ’ ಎಂಬ ಪದ್ಧತಿ ಅವಳ ಮೇಲೆ ಏನೂ ಪರಿಣಾಮ ಬೀರಲಿಲ್ಲ. ಹಿರಿಯರ ದಿನ 1966ರಿಂದ ಸೆಪ್ಟೆಂಬರ್ 15ಕ್ಕೇ ಇತ್ತು. ಜನಕ್ಕೆ ಸಾಲು ರಜೆ ಸಿಗಲಿ ಎಂದು 2003ರಿಂದ ಅದನ್ನು ಸೋಮವಾರಕ್ಕೆ ತಳ್ಳಿದರು ಎಂದು ವಿವರಿಸಿದೆ. “ನಮ್ಮ ಎತ್ತುಗಳಿಗೆ ಸೋಮವಾರ ರಜಾ ಕೊಟ್ಟು ಎಷ್ಟು ಕಾಲ ಆತು?” ಅಂದಳು ಅವ್ವ. “ಸೋಮವಾರ ಬಸವಣ್ಣನ ಕೊರಳಿಗೆ ನೊಗ ಇಡಂಗಿಲ್ಲ ಅಂತ ನಿಮ್ಮಜ್ಜನ ಕಾಲದಾಗ ಐತಿ. ಜಪಾನಿನ ಮನಿಷ್ಯಾರಿಗೆ ಅದು ಈಗ ಸಿಕ್ಕೈತಿ. ಸಿಗಲಿ ಬಿಡು.”

ಎರಡನೇ ದಿನದ ಅಧಿವೇಶನದಲ್ಲಿ ಮಗನೇ ವಿರೋಧ ಪಕ್ಷ ಸೇರಿದ. “ಅಪ್ಪಾ, ಒಂದು ಮಾತು. ಸಿಲ್ವರ್ ವೀಕಿನಾಗ ಇಡೀ ಜಪಾನು ಪ್ರವಾಸ ಹೊಂಡತೈತಿ. ಕ್ಯೋಟೊದಾಗ ಹೋಟೆಲ್ ರೇಟು ಕೇಳಂಗಿಲ್ಲ. ರಜಾದ ಹಿಂದಿನ ರಾತ್ರಿಗೆ ಬ್ಯಾರೇನ ದರ ಹಾಕ್ತಾರ. ಶಿಂಕನ್‌ಸೆನ್ ಸೀಟು ಒಂದು ತಿಂಗಳ ಮುಂಚೆ ಬೆಳಿಗ್ಗೆ ಹತ್ತಕ್ಕ ತೆಗೀತಾರ, ಕುಂತು ಹಿಡಕೋಬೇಕು. ತೂಫಾನು ಬಂತಂದ್ರ ಅದೂ ಬಂದ್. ಸೆಪ್ಟೆಂಬರು ಅದರ ಸೀಜನ್ನು.”

ಅಲ್ಲಿ ಹತ್ತು ಅಂದರೆ ನಮ್ಮಲ್ಲಿ ಬೆಳಿಗ್ಗೆ ಆರೂವರೆ. ಆ ಹೊತ್ತಿಗೆ ನಾನು ಎದ್ದಿರುತ್ತೇನೆ ಎಂಬುದನ್ನು ಮನೆಯಲ್ಲಿ ಯಾರೂ ನಂಬಲಿಲ್ಲ.

“ಹಂಗಾರ ರಜಾ ಇಲ್ಲದಾಗ ಹೋಗೋಣು” ಅಂದೆ. ಆಗ ಗಂಟು ಬಿಗಿಯಾಯಿತು. ರಜೆ ಇದ್ದಾಗ ಹೋದರೆ ಮಗ ಸಿಗುತ್ತಾನೆ, ಊರು ಸಿಗುವುದಿಲ್ಲ. ರಜೆ ಇಲ್ಲದಾಗ ಹೋದರೆ ಊರು ಸಿಗುತ್ತದೆ, ಮಗ ಸಿಗುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಅವರಿಬ್ಬರೂ ಹೊರಟುಹೋದ ಮೇಲೆ ನಾವಿಬ್ಬರೂ ಫ್ಲ್ಯಾಟಿನಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತ ಕೂರಬೇಕು. “ಅದನ್ನ ಇಲ್ಲೇ ಪುಕ್ಕಟೆ ಮಾಡಾಕತ್ತೀವಲ್ಲ” ಎಂದಳು ಹೆಂಡತಿ.

ಸೆಪ್ಟೆಂಬರಿನ ಮೊದಲ ವಾರಗಳನ್ನು ನೋಡಿದೆ. 14ಕ್ಕೆ ಗಣೇಶ ಚೌತಿ. ಅದಕ್ಕಿಂತ ಮುಂಚೆ ಹೋದರೆ ಮನೆಯಲ್ಲಿ ಗಣಪ್ಪನನ್ನು ಕೂರಿಸುವವರಾರು? ಅಕ್ಟೋಬರಿನ ಕಡೆ ಸರಿದೆ. ಅಲ್ಲಿ ಎರಡನೇ ಸೋಮವಾರ ಕ್ರೀಡಾ ದಿನ. 1964ರ ಟೋಕಿಯೊ ಒಲಿಂಪಿಕ್ಸ್ ಉದ್ಘಾಟನೆ ಅಕ್ಟೋಬರ್ 10ಕ್ಕೆ ಆಗಿದ್ದರ ನೆನಪಿಗೆ ಶುರುವಾದ ರಜೆ. ಈ ಸಲ 12ನೇ ತಾರೀಖು, ಮೂರು ದಿನ ಸಾಲು. ಆಹಾ ಎಂದು ಬರೆದೆ. ಹೆಂಡತಿ ಪಂಚಾಂಗ ತಂದಳು. 10ಕ್ಕೆ ಮಹಾಲಯ ಅಮಾಸಿ, 11ಕ್ಕೆ ನವರಾತ್ರಿ ದೀಪ ಹಚ್ಚುವುದು. ನಾನು ಬರೆದ ‘ಆಹಾ’ವನ್ನು ಅವಳೇ ಸೆರಗಿನಿಂದ ಒರೆಸಿದಳು.

ಹೀಗೆ ಸುತ್ತಿ ಸುತ್ತಿ ಗಾಡಿ ಮತ್ತೆ ಆ ಐದು ದಿನಗಳಿಗೇ ಬಂತು. ಚೌತಿಗೂ ಪಿತೃಪಕ್ಷಕ್ಕೂ ನಡುವೆ ಸಂದು ಇದ್ದುದು ಅಷ್ಟೇ.

ಪಕ್ಷದ ಮಾತು ಬಂದದ್ದೇ ತಡ, ಅವ್ವ ಚುರುಕಾದಳು. “ಹಿರಿಯರ ದಿನ ಅಂದ್ಯಲ್ಲ, ಅಲ್ಲೂ ಎಡಿ ಇಡ್ತಾರೇನು?”

“ಅದು ಬದುಕಿರುವ ಹಿರಿಯರಿಗೆ, ಅವ್ವ. ಎಡೆ ಇಡೋದು ಬೇರೆ ಇದೆ.” ಅವಳಿಗೆ ಹಿಗನ್ ಬಗ್ಗೆ ಹೇಳಿದೆ. ವಿಷುವದ ದಿನ ಮತ್ತು ಅದರ ಆಚೀಚೆ ಮೂರು ಮೂರು ದಿನ, ಒಟ್ಟು ಏಳು ದಿನ. ಆಗ ಜನ ಊರಿಗೆ ಹೋಗಿ ಹಿರಿಯರ ಸಮಾಧಿ ತೊಳೆದು, ಹೂವಿಟ್ಟು, ಊದುಬತ್ತಿ ಹಚ್ಚುತ್ತಾರೆ. ಒಹಾಗಿ ಎಂಬ ಸಿಹಿ ಮಾಡುತ್ತಾರೆ. ಅಂಟಕ್ಕಿ ಅನ್ನದ ಉಂಡೆ, ಅದರ ಮೇಲೆ ಅಜುಕಿ ಎಂಬ ಕೆಂಪು ಕಾಳನ್ನು ಬೇಯಿಸಿ ಸಕ್ಕರೆ ಹಾಕಿ ಅರೆದ ಹೂರಣ.

“ಹೂರಣ ಹೊರಗ ಮೆತ್ತತಾರ?” ಅವ್ವನಿಗೆ ಆಶ್ಚರ್ಯ. “ಒಳಗ ತುಂಬಾಕ ಬರೂದಿಲ್ಲೇನು ಅವರಿಗೆ? ನಿನ್ನ ಹೇಣ್ತಿ ಹೋಗಿ ಕಲಿಸಿ ಬರಲಿ.”

ಇದನ್ನು ನಾನು ಅನುಮತಿ ಎಂದೇ ದಾಖಲಿಸಿಕೊಂಡೆ. ಅವರ ಹಿಗನ್ 26ಕ್ಕೆ ಮುಗಿಯುತ್ತದೆ, ನಮ್ಮ ಪಕ್ಷ 27ಕ್ಕೆ ಶುರುವಾಗುತ್ತದೆ. ಅಲ್ಲಿನ ಹಿರಿಯರು ಉಂಡು ಎದ್ದ ಮೇಲೆ ನಮ್ಮವರು ಎಲೆಗೆ ಕೂರುವ ಹಾಗೆ ಎರಡು ದೇಶಗಳ ನಡುವೆ ಏನೋ ಒಪ್ಪಂದ ಇದ್ದಂತಿದೆ. ಅಷ್ಟರೊಳಗೆ ವಾಪಸು ಬಂದರೆ ಯಾರಿಗೂ ತಕರಾರಿಲ್ಲ.

ಇನ್ನು ಉಳಿದದ್ದು ಗಣಪ್ಪ. ನಮ್ಮ ಮನೆಯಲ್ಲಿ ಅವನು ಐದು ದಿನ ಕೂರುವವನು. 14ಕ್ಕೆ ಕೂತರೆ 18ರ ಸಂಜೆ ಹೊಳೆಗೋ ಬಾವಿಗೋ ಹೋಗಬೇಕು. ಆ ಮೇಲೆ ನಾವು ಬಟ್ಟೆ ಬದಲಿಸಿ ಬೆಂಗಳೂರು ಮುಟ್ಟಿ, ವಿಮಾನ ಹಿಡಿದು, 19ಕ್ಕೆ ಜಪಾನಿನಲ್ಲಿ ಇಳಿಯುವುದು ಪುಷ್ಪಕ ವಿಮಾನಕ್ಕೂ ಆಗದ ಕೆಲಸ. “ಈ ಸಲ ಮೂರು ದಿನಕ್ಕ ಕಳಿಸೋಣು” ಅಂದೆ. ಹೆಂಡತಿ ಗಾಬರಿಯಾಗಿ ಅವ್ವನನ್ನು ನೋಡಿದಳು. ಅವ್ವ ಗಣಪ್ಪನ ಗೂಡನ್ನು ನೋಡಿದಳು. ಗೂಡಿನಲ್ಲಿ ಆಗ ಯಾರೂ ಇರಲಿಲ್ಲವಾದ್ದರಿಂದ ತೀರ್ಪು ಮುಂದಕ್ಕೆ ಹೋಯಿತು.

ಈ ನಡುವೆ ತಿರುಗಾಟದ ಸಮಸ್ಯೆಯನ್ನು ಹೆಂಡತಿ ಒಂದೇ ಮಾತಿನಲ್ಲಿ ಬಗೆಹರಿಸಿದಳು. “ರಜಾ ಇರೂ ಐದು ದಿನ ಎಲ್ಲೀಗೂ ಹೋಗೂದು ಬ್ಯಾಡ. ಮಗ ಸೊಸಿ ಮನ್ಯಾಗ ಇರ್ತಾರ, ನಾವೂ ಮನ್ಯಾಗ ಇರೋಣು. ಮಂಡಕ್ಕಿ ಮಿರ್ಚಿ ಮಾಡಿ ಹಾಕ್ತೀನಿ. ಅವರೆಲ್ಲ ತಿರುಗಿ ಬಂದು ಗುರುವಾರ ಕೆಲಸಕ್ಕ ಹೋಗ್ತಾರಲ್ಲ, ಅವತ್ತು ನಾವು ಕ್ಯೋಟೊಕ್ಕ ಹೋಗೋಣು.”

ಕರಿಹಲಗೆ ತುಂಬ ನಾನು ಬರೆದದ್ದರಲ್ಲಿ ಈ ಉಪಾಯ ಎಲ್ಲೂ ಇರಲಿಲ್ಲ. “ನಾವಿಬ್ಬರೇ?” ಎಂದೆ. ದನಿ ಸ್ವಲ್ಪ ಸಣ್ಣಗಾಗಿತ್ತು.

“ಹೂಂ, ಇಬ್ಬರ. ಟಿಕೇಟು ನನ್ನ ಕೈಯಾಗ ಇರ್ತಾವ. ಕೂಡ್ಲಿಗಿಗೆ ಹೋಗ್ತೀನಂತ ಹಗರಿಬೊಮ್ಮನಹಳ್ಳಿ ಬಸ್ಸು ಹತ್ತಿದವರ ಕೈಯಾಗ ಕೊಡೂದಿಲ್ಲ.”

ಅವಳ ತಯಾರಿಯೂ ಶುರುವಾಯಿತು. ಹಡಗಲಿ ಮಲ್ಲಿಗೆ ಮುಡಿದುಕೊಂಡೇ ವಿಮಾನ ಇಳಿಯಬೇಕೆಂಬುದು ಅವಳ ಆಸೆ. ಬೋಂಡದ ಹಸಿಮೆಣಸಿನಕಾಯಿ ಕೊಟ್ಟೂರಿನದೇ ಆಗಬೇಕೆಂಬುದು ಮಗನ ಆಸೆ. ಹಸಿಮೆಣಸಿನಕಾಯಿ ಒಯ್ಯುವಂತೆಯೇ ಇಲ್ಲ, ಹಸಿ ಹೂವು ಒಯ್ದರೂ ಅದಕ್ಕೆ ರೋಗ ಕೀಟ ಇಲ್ಲವೆಂಬ ಸರ್ಕಾರಿ ಪ್ರಮಾಣಪತ್ರ ಬೇಕು, ಅಲ್ಲಿ ಇಳಿದ ಮೇಲೆ ತಪಾಸಣೆ ಬೇರೆ ಎಂದು ನಾನು ಹೇಳಿದಾಗ, “ನಿಮ್ಮನ್ನ ಹಂಗ ಬಿಡ್ತಾರೇನು?” ಎಂದು ಕೇಳಿದಳು. ಕೊನೆಗೆ ಚೀಲಕ್ಕೆ ಕಡಲೆಹಿಟ್ಟು ಹೋಗುವುದೆಂದೂ ಮಲ್ಲಿಗೆ ಬೆಂಗಳೂರಿನಲ್ಲೇ ಇಳಿಯುವುದೆಂದೂ ಆಯಿತು.

ನನ್ನ ಮನಸ್ಸಿನಲ್ಲಿ ಒಂದು ಗುಟ್ಟಿನ ಆಸೆ ಇತ್ತು. 21ನೇ ತಾರೀಖು ಹಿರಿಯರ ದಿನ ನಾನು ಜಪಾನಿನಲ್ಲಿರುತ್ತೇನೆ. ಇಡೀ ದೇಶ ಹಿರಿಯರಿಗೆ ನಮಸ್ಕಾರ ಮಾಡುವಾಗ ಅರ್ಧ ನಮಸ್ಕಾರವಾದರೂ ನನ್ನ ಪಾಲಿಗೆ ಬಂದೀತು. ವಿಡಿಯೊ ಕಾಲಿನಲ್ಲಿ ಸೂಚ್ಯವಾಗಿ ಈ ಮಾತು ಎತ್ತಿದೆ. ಸೊಸೆ ನಯವಾಗಿ, “ಮಾವ, ಇಲ್ಲಿ 65 ದಾಟಿದ ಮ್ಯಾಲೆ ಹಿರಿಯರ ಲೆಕ್ಕಕ್ಕೆ ಹಿಡೀತಾರ. ನಿಮಗ ಈಗ 64 ಅಲ್ರಿ?” ಅಂದಳು. ಆ ದಿನ ಬಂತೆಂದರೆ ಅಲ್ಲಿನ ಸರ್ಕಾರ ಹಿರಿಯರ ಲೆಕ್ಕ ಪ್ರಕಟಿಸುತ್ತದೆ; 2025ರಲ್ಲಿ 3 ಕೋಟಿ 61 ಲಕ್ಷ ದಾಟಿದ್ದರು, ನೂರಕ್ಕೆ 29 ಜನ. ಅಷ್ಟು ದೊಡ್ಡ ಗುಂಪಿನಲ್ಲೂ ನನಗೆ ಜಾಗ ಇಲ್ಲ.

ಅವ್ವ ಇದನ್ನೆಲ್ಲ ಕೇಳಿಸಿಕೊಂಡು ಸುಮ್ಮನಿದ್ದಳು. ರಾತ್ರಿ ಊಟಕ್ಕೆ ಕೂತಾಗ ಹೊರಗೆ ಬಂತು. “ಹಿರಿಯರ ದಿನಕ್ಕ ನೀ ಅಲ್ಲಿ ಹೋಗಿ ಹಿರಿಯ ಆಗ್ತಿ. ಇಲ್ಲಿ ಹಿರೇ ಮನಿಷಾಳು ನಾನು ಯಾರ ಮುಂದ ಆಗ್ಲಿ?”

ತುತ್ತು ಗಂಟಲಲ್ಲೇ ನಿಂತಿತು. “ಹರಪನಹಳ್ಳಿಯಿಂದ ತಮ್ಮ ಬಂದು ಇರ್ತಾನಲ್ಲ, ಅವ್ವ.”

“ಅವನು ಬಂದ್ರ ಅವನ್ನ ನೋಡ್ಕೊಳ್ಳೂದು ನನಗ ಕೆಲಸ.”

ವಾತಾವರಣ ತಿಳಿಯಾಗಲಿ ಎಂದು ನನಗೆ ಗೊತ್ತಿದ್ದ ಕೊನೆಯ ವಿಷಯವನ್ನು ತೆಗೆದೆ. ಜಪಾನಿನಲ್ಲಿ ನೂರು ವರ್ಷ ತುಂಬುವವರಿಗೆ ಹಿರಿಯರ ದಿನದ ನೆಪದಲ್ಲಿ ಪ್ರಧಾನಿಯವರ ಹೆಸರಿನಲ್ಲಿ ಬೆಳ್ಳಿ ಬಟ್ಟಲು ಕೊಡುತ್ತಾರೆ. 1963ರಲ್ಲಿ ಶುರು ಮಾಡಿದಾಗ ಇಡೀ ದೇಶದಲ್ಲಿ ನೂರು ದಾಟಿದವರು 153 ಜನ, 2025ರಲ್ಲಿ 99,763 ಜನ ಎಂದೆ.

‘ಬೆಳ್ಳಿ’ ಎಂದದ್ದೇ ಅವ್ವನ ಮುಖ ಅರಳಿತು. ಸಿಲ್ವರ್ ವೀಕ್ ಎಂದರೆ ಬೆಳ್ಳಿ ವಾರ ಎಂದು ಹೇಳಿದ್ದ ದಿನದಿಂದ ಆ ವಾರ ಬೆಳ್ಳಿ ಅಗ್ಗವಾಗುತ್ತದೆಂದು ಅವಳು ತಿಳಿದಿದ್ದಳು. “ಬಟ್ಟಲು ಖರೇ ಬೆಳ್ಳೀದೇನು?”

“ಮೊದಲು ಖರೇ ಬೆಳ್ಳಿ. ನೂರು ತುಂಬೋರು ಸಾವಿರ ಸಾವಿರ ಆದರು. ಸರ್ಕಾರಕ್ಕೆ ಖರ್ಚು ನೀಗಲಿಲ್ಲ. 2016ರಿಂದ ಮೇಲೆ ಬೆಳ್ಳಿ ಲೇಪ ಅಷ್ಟೇ.”

ಅವ್ವ ಮಜ್ಜಿಗೆಯ ಲೋಟ ಕೆಳಗಿಟ್ಟಳು. “ಹಂಗಾರ ಗಣಪ್ಪನ್ನ ಮೂರು ದಿನಕ್ಕ ಕಳಿಸಿ ಹೋಗ್ರಿ, ಅವನಿಗೆ ನಾನು ಹೇಳ್ತೀನಿ. ಪಕ್ಷದೊಳಗ ತಿರುಗಿ ಬರ್ರಿ. ಲೇಪದ ಬಟ್ಟಲಕ್ಕಂತ ನಾನೇನು ನೂರರ ತನಕ ಕಾಯಾಕಿ ಅಲ್ಲ.”

ಹೆಂಡತಿ ಎದ್ದು ಕರಿಹಲಗೆ ಪೂರಾ ಒರೆಸಿ, ‘17ಕ್ಕೆ ಬೆಂಗಳೂರು ಬಸ್ಸು, ಆರೂವರೆಗೆ ಏಳುವುದು’ ಎಂದು ಬರೆದಳು. ಅದರಲ್ಲಿ ಎರಡನೆಯದು ನನಗೆ.