ಗಟ್ಟಿಯಾಗು ಕಂದಾ, ಸಹಿ ಅಪ್ಪ ಹಾಕ್ತಾರೆ

ಜೂನ್ ಬಂತೆಂದರೆ ಪ್ರೇರಣಾ ಭಾಷಣಕಾರರಿಗೆ ಸುಗ್ಗಿ. ಯಾವ ಕಾಲೇಜಿನ ಸಭಾಂಗಣಕ್ಕೆ ಇಣುಕಿದರೂ ಕಿವಿಗೆ ಮೈಕು ಸಿಕ್ಕಿಸಿಕೊಂಡ ಒಬ್ಬರು ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡಾಡುತ್ತಿರುತ್ತಾರೆ. ಬೆನ್ನ ಹಿಂದೆ ಬ್ಯಾನರು: 'ಬಿದ್ದವನೇ ಏಳುತ್ತಾನೆ'. ಎದುರಿಗೆ ಮುನ್ನೂರು ಮಕ್ಕಳು. ಮೊದಲ ಸಾಲಿನಲ್ಲಿ ಪೋಷಕರು, ವಿಡಿಯೊ ಮಾಡುತ್ತಾ.

ಸೋಲಿಗೆ ಹೆದರಬೇಡಿ ಎಂದು ಭಾಷಣಕಾರರು ಗುಡುಗುತ್ತಾರೆ. ಪ್ರಾಂಶುಪಾಲರು ಚಪ್ಪಾಳೆ ತಟ್ಟುತ್ತಾರೆ. ಇದೇ ಪ್ರಾಂಶುಪಾಲರು ಗೇಟಿನ ಪಕ್ಕ ನಿಲ್ಲಿಸಿರುವ ಫ್ಲೆಕ್ಸಿನಲ್ಲಿ ಸೋತ ಒಬ್ಬನ ಮುಖವೂ ಇಲ್ಲ. ಎರಡನೇ ಸ್ಥಾನ ಬಂದವಳದ್ದೇ ಸ್ಟ್ಯಾಂಪ್ ಸೈಜು.

ಈಗಿನ ಮಕ್ಕಳು ಗಟ್ಟಿ ಇಲ್ಲವಂತೆ. ಸಣ್ಣದಕ್ಕೆಲ್ಲ ಕುಸಿಯುತ್ತಾರಂತೆ. ಹಾಗೆಂದು ದೂರುತ್ತಿರುವವರು ಯಾರು? ಏಳನೇ ಕ್ಲಾಸಿನವರೆಗೂ ಮಗನ ಶೂ ಲೇಸು ಕಟ್ಟಿದವರು. ಹೋಮ್‌ವರ್ಕು ಮರೆತ ಮಗಳನ್ನು ಬೈದ ಟೀಚರಮ್ಮನ ಮೇಲೆ ವಾಟ್ಸಾಪ್ ಗುಂಪಿನಲ್ಲಿ ಯುದ್ಧ ಸಾರಿದವರು. ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟರೆ ಶಾಲೆಗೆ ಧನ್ಯವಾದ ಹೇಳಿದವರು. ಆಟದಲ್ಲಿ ಸೋತು, ಮೈಮೇಲಿನ ಮಣ್ಣು ಒರೆಸಿಕೊಂಡು, ಗೆದ್ದವನ ಜೊತೆಯೇ ಮನೆಗೆ ನಡೆಯುವ ಪುಕ್ಕಟೆ ಪಾಠವನ್ನು ಮಾರಿ ಈಗ ಐದು ಸಾವಿರ ಕೊಟ್ಟು ಅದನ್ನೇ ವರ್ಕ್‌ಶಾಪಿನಲ್ಲಿ ಕೊಳ್ಳುತ್ತಿದ್ದಾರೆ. ಜಿಎಸ್‌ಟಿ ಬೇರೆ.

ಸಿಇಟಿ ಸೀಟು ಹಂಚಿಕೆಯ ದಿನಗಳಲ್ಲಿ ಯಾವುದಾದರೂ ಸೈಬರ್ ಸೆಂಟರಿನೊಳಗೆ ಹೋಗಿ ಹತ್ತು ನಿಮಿಷ ನಿಲ್ಲಿ. ಕುರ್ಚಿಯಲ್ಲಿ ಅಪ್ಪ. ಸ್ಟೂಲಿನ ಮೇಲೆ ಸೋದರಮಾವ, ಕೈಯಲ್ಲಿ ಕಳೆದ ವರ್ಷದ ಕಟ್‌ಆಫ್ ಪಟ್ಟಿ. ಅವರಿಬ್ಬರ ಹಿಂದೆ ಬ್ಯಾಗು ಹಿಡಿದು ನಿಂತಿರುವವನು ಅಭ್ಯರ್ಥಿ.

ಪರೀಕ್ಷಾ ಪ್ರಾಧಿಕಾರ, ಪಾಪ, ಸೀಟು ಕೊಟ್ಟ ಮೇಲೂ ನಾಲ್ಕು ಆಯ್ಕೆ ಮುಂದಿಡುತ್ತದೆ. ಒಪ್ಪಿದೆ, ಸೇರುತ್ತೇನೆ ಎಂದರೆ ಚಾಯ್ಸ್ ಒಂದು. ಒಪ್ಪಿದೆ, ಆದರೆ ಇನ್ನೂ ಒಳ್ಳೆಯದು ಸಿಕ್ಕೀತೇ ನೋಡುತ್ತೇನೆ ಎಂದರೆ ಎರಡು. ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ ಎಂದರೆ ಮೂರು. ನಿಮ್ಮ ಸಹವಾಸವೇ ಬೇಡ ಎಂದರೆ ನಾಲ್ಕು. ಕೈಯಲ್ಲಿರುವುದನ್ನು ಹಿಡಿದುಕೊಳ್ಳುವುದೋ, ಬಿಟ್ಟು ಕಾಯುವುದೋ? ಹದಿನೆಂಟರ ಹುಡುಗನಿಗೆ ಬದುಕು ಇಷ್ಟು ನೇರವಾಗಿ ಪ್ರಶ್ನೆ ಕೇಳುವುದು ಅಪರೂಪ.

ಉತ್ತರ ಒತ್ತುವುದು ಅಪ್ಪ. ಒಟಿಪಿ ಬರುವುದು ಅಪ್ಪನ ಮೊಬೈಲಿಗೆ. 'ಕಂಪ್ಯೂಟರ್ ಸೈನ್ಸ್ ನಿಂಗೂ ಇಷ್ಟ ತಾನೆ?' ಎಂದು ಮಾವ ತಿರುಗಿ ಕೇಳುತ್ತಾನೆ. ಕೇಳುವ ಹೊತ್ತಿಗೆ ಸಬ್ಮಿಟ್ ಆಗಿರುತ್ತದೆ.

ಮೂರನೇ ಸೆಮಿಸ್ಟರಿನಲ್ಲಿ ಈ ಹುಡುಗ ಅಪ್ಪನ ಆಯ್ಕೆಯಲ್ಲಿ ಫೇಲಾಗುತ್ತಾನೆ. ಆಗ ಗಟ್ಟಿತನ ಇಲ್ಲದವನು ಇವನು.

ಅದಕ್ಕೂ ಹಿಂದಿನ ಎರಡು ವರ್ಷದ ಕಥೆಯೂ ಇದೆ. ವಸತಿ ಪಿಯು ಕಾಲೇಜು. ಬೆಳಗ್ಗೆ ಐದಕ್ಕೆ ಗಂಟೆ. ರಾತ್ರಿ ಹತ್ತೂವರೆಯವರೆಗೆ ಸ್ಟಡಿ ಅವರ್. ಬೋರ್ಡ್ ಪರೀಕ್ಷೆಗೊಂದು, ಸಿಇಟಿಗೊಂದು, ನೀಟ್‌ಗೊಂದು ಪುಸ್ತಕದ ರಾಶಿ. ಬಟ್ಟೆ ಒಗೆಯಲು ಜನ, ತಟ್ಟೆ ತೊಳೆಯಲು ಜನ. ಅವನು ಮಾಡಬೇಕಾದ್ದು ಕೂರುವುದೊಂದೇ. ಈ ಎರಡು ವರ್ಷದಲ್ಲಿ ಅವನು ಒಂದು ಪ್ಲೇಟು ಇಡ್ಲಿಗೆ ತಾನಾಗಿ ದುಡ್ಡು ಕೊಟ್ಟಿಲ್ಲ. ಚಿಲ್ಲರೆಗಾಗಿ ಕಂಡಕ್ಟರ್ ಜೊತೆ ಜಗಳವಾಡಿಲ್ಲ. ಜ್ವರ ಬಂದರೆ ಯಾವ ಮಾತ್ರೆ ಎಂದು ಗೊತ್ತಿಲ್ಲ.

ಆಮೇಲೊಂದು ಭಾನುವಾರ ಬೆಂಗಳೂರಿನ ಪಿ.ಜಿ.ಯ ಮೂರನೇ ಮಹಡಿಗೆ ಟ್ರಂಕು ಹೊತ್ತು ತಂದು, ಬಕೆಟ್ಟು ಮಗ್ಗು ಕೊಡಿಸಿ, 'ಇನ್ಮೇಲೆ ನೀನೇ ನೋಡ್ಕೋಬೇಕಪ್ಪಾ' ಎಂದು ಹೇಳಿ ಕಾರು ಹತ್ತುತ್ತಾರೆ. ಬಾವಿಯ ಹತ್ತಿರವೂ ಬಿಡದೆ ಬೆಳೆಸಿದ ಮಗುವನ್ನು ಮಲ್ಪೆಗೆ ತಂದು ದೋಣಿಯಿಂದ ನೂಕಿದ ಹಾಗೆ. ನೂಕಿದ್ದೂ ಆಯಿತು, ಕೈಕಾಲು ಬಡಿಯುವ ಶೈಲಿ ಸರಿಯಿಲ್ಲವೆಂದು ದಡದಲ್ಲಿ ಬೈಗುಳವೂ ಆಯಿತು.

ಇಂಥದೊಂದು ವಸತಿ ಕಾಲೇಜಿನ ಹಾಸ್ಟೆಲಿನ ಮೆಟ್ಟಿಲ ಬಳಿ ಒಂದು ಪೋಸ್ಟರ್ ನೋಡಿದ್ದೇನೆ. ಟೆಲಿ ಮಾನಸ್, 14416. ಮನಸ್ಸು ಕುಗ್ಗಿದರೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಒಳ್ಳೆಯ ಸೇವೆ, ಅದರಲ್ಲಿ ವ್ಯಂಗ್ಯವಿಲ್ಲ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ್ದು, ಅದರ ನೋಡಲ್ ಕೇಂದ್ರ ನಮ್ಮ ನಿಮ್ಹಾನ್ಸ್. ವ್ಯಂಗ್ಯವಿರುವುದು ಪಕ್ಕದ ಬೋರ್ಡಿನಲ್ಲಿ: 'ಮೊಬೈಲ್ ಸಿಕ್ಕಿದರೆ ಜಪ್ತಿ ಮತ್ತು ದಂಡ.'

ಹುಡುಗ ಕರೆ ಮಾಡುವುದು ಯಾವುದರಲ್ಲಿ? ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿಕೊಂಡೇ? ವಾರ್ಡನ್ನರ ಫೋನಿನಲ್ಲಿ ಮಾಡಬಹುದಂತೆ, ವಾರ್ಡನ್ನರ ಎದುರಿಗೇ. ಅರ್ಧ ಕಷ್ಟ ವಾರ್ಡನ್ನೇ ಆಗಿದ್ದರೆ?

ಈ ಮಾತಿನಲ್ಲಿ ನಗು ಅಷ್ಟಕ್ಕೇ ಸಾಕು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಲ್ಲಿ 2022ರ ಒಂದೇ ವರ್ಷ ದೇಶದಲ್ಲಿ ಜೀವ ಕಳೆದುಕೊಂಡ ವಿದ್ಯಾರ್ಥಿಗಳು 13,044. ಪರೀಕ್ಷೆಯಲ್ಲಿ ಫೇಲಾದದ್ದೇ ಕಾರಣವೆಂದು ದಾಖಲಾದ ಸಾವು 2,248. ಕೋಚಿಂಗ್‌ಗೆ ಹೆಸರಾದ ರಾಜಸ್ಥಾನದ ಕೋಟಾ ಜಿಲ್ಲಾಡಳಿತ 2023ರಲ್ಲಿ ಹಾಸ್ಟೆಲಿನ ಫ್ಯಾನುಗಳಿಗೆ ಸ್ಪ್ರಿಂಗ್ ಕಡ್ಡಾಯ ಮಾಡಿತು. ಒಂದು ಜೀವ ಉಳಿದರೂ ಅದು ಬೇಕಾದ ಕೆಲಸವೇ. ಆದರೆ ಫ್ಯಾನು ಬದಲಿಸುವುದರಲ್ಲಿದ್ದ ಚುರುಕು ಟೈಮ್‌ಟೇಬಲ್ ಬದಲಿಸುವುದರಲ್ಲಿ ಕಾಣಲಿಲ್ಲ.

ನೀಟ್‌ಗೆ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹದಿನೈದು ಮಾರ್ಗಸೂಚಿ ಕೊಟ್ಟಿತು. ನೂರು ಮತ್ತು ಅದಕ್ಕಿಂತ ಹೆಚ್ಚು ಮಕ್ಕಳಿರುವಲ್ಲಿ ತರಬೇತಾದ ಆಪ್ತಸಮಾಲೋಚಕರು ಒಬ್ಬರಾದರೂ ಇರಬೇಕು. ಅಂಕ ನೋಡಿ ಬ್ಯಾಚು ಒಡೆಯುವುದನ್ನು ಆದಷ್ಟೂ ಬಿಡಬೇಕು. ಎಲ್ಲರೆದುರು ಮಾನ ಕಳೆಯಬಾರದು.

ನಮ್ಮವರು ಪಾಲಿಸದೆ ಇರುತ್ತಾರೆಯೇ? ಆಪ್ತಸಮಾಲೋಚಕಿ ಎಂಬ ಬೋರ್ಡನ್ನು ಕನ್ನಡ ಮೇಡಮ್ಮಿನ ಮೇಜಿನ ಮೇಲಿಟ್ಟರು. ಅವರಿಗೆ ಹೇಗೂ ಕೆಲಸವಿಲ್ಲವಲ್ಲ, ಕನ್ನಡದಿಂದ ರ‍್ಯಾಂಕು ಬರುವುದಿಲ್ಲವಲ್ಲ. ಬ್ಯಾಚಿಗೆ 'ಎ', 'ಬಿ' ಎನ್ನುವುದು ತಪ್ಪೆಂದು ನದಿಗಳ ಹೆಸರಿಟ್ಟರು. ಗಂಗಾ ಬ್ಯಾಚಿಗೆ ಒಳ್ಳೆಯ ಮೇಷ್ಟ್ರು. ತುಂಗಾ ಬ್ಯಾಚಿಗೆ ಹಳೆಯ ಝೆರಾಕ್ಸು. ಯಾವ ನದಿ ಎಲ್ಲಿ ಬತ್ತುತ್ತದೆಂದು ಮೊದಲ ವಾರವೇ ಮಕ್ಕಳಿಗೆ ಗೊತ್ತು.

'ನಮ್ಮ ಕಾಲದಲ್ಲಿ' ಎಂದು ಶುರುಮಾಡುವ ಹಿರಿಯರೊಬ್ಬರು ಈ ಚರ್ಚೆಗೆ ಬಂದೇ ಬರುತ್ತಾರೆ. ಅವರು ದಿನಕ್ಕೆ ಎಂಟು ಕಿಲೋಮೀಟರ್ ನಡೆದವರು. ನಾಗರಬೆತ್ತದ ಏಟು ತಿಂದವರು. 'ನಮಗೇನಾಯ್ತು?' ಎಂದು ಕೇಳುತ್ತಾರೆ. ಏನಾಯಿತೆಂದು ಅವರ ಹೆಂಡತಿಯನ್ನು ಕೇಳಬೇಕು.

ಈ ಹಿರಿಯರು ಹೇಳದೆ ನುಂಗುವ ಮಾತು ಬೇರೆಯೇ ಇದೆ. ಆಗ ಫೇಲಾದವನಿಗೆ ಹೋಗಲು ಜಾಗವಿತ್ತು. ಕರಾವಳಿಯ ಹುಡುಗ ಮುಂಬೈ ಬಸ್ಸು ಹತ್ತುತ್ತಿದ್ದ. ಹಗಲು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮುಂದೆ ಬಂದವರು ಎಷ್ಟೋ ಜನ. ಐಟಿಐ ಮಾಡಿಕೊಂಡು ಬೆಂಗಳೂರಿನ ಕಾರ್ಖಾನೆ ಸೇರಿದವರು ಅಷ್ಟೇ ಜನ. ಈಗ ಫೇಲಾದವನಿಗೆ ಎರಡೇ ದಾರಿ, ರಿಪೀಟರ್ಸ್ ಬ್ಯಾಚು ಇಲ್ಲವೇ ಡೆಲಿವರಿ ಬ್ಯಾಗು. ಬೀಳುವ ಕಡೆಯಲ್ಲೆಲ್ಲ ಹಾಸಿದ್ದ ಹುಲ್ಲು ಎತ್ತಿಕೊಂಡು ಹೋದವರೇ ಈಗ ಬೀಳುವ ಧೈರ್ಯದ ಬಗ್ಗೆ ಉಪನ್ಯಾಸ ಕೊಡುತ್ತಿದ್ದಾರೆ.

ಸರ್ಕಾರವನ್ನು ಹೊಗಳುವ ಅಭ್ಯಾಸ ನನಗಿಲ್ಲ. ಆದರೂ ಎಸ್ಸೆಸ್ಸೆಲ್ಸಿ, ಪಿಯುಸಿಗೆ ಪರೀಕ್ಷೆ ಒಂದು, ಎರಡು ಎಂದು ಮಾಡಿ ಎಡವಿದವರಿಗೆ ಅದೇ ವರ್ಷ ಮತ್ತೆ ಏಳುವ ದಾರಿ ಬಿಟ್ಟಿದೆ. ಪರೀಕ್ಷೆ ಎರಡು ಬರೆಯುವ ಹುಡುಗಿಯನ್ನು ಮನೆಯವರು ಏನು ಮಾಡುತ್ತಾರೆ? ಅತ್ತೆ ಮಗನ ಮದುವೆಗೆ ಕರೆದೊಯ್ಯುವುದಿಲ್ಲ. ನೆಂಟರು ಕೇಳಿದರೆ? ಬಾಗಿಲು ಹಾಕಿಸಿ ಒಳಗೆ ಕೂರಿಸುತ್ತಾರೆ. ನೆಂಟರ ಪ್ರಶ್ನೆಯನ್ನು ಎದುರಿಸಲಾಗದ ಅಪ್ಪ, ಜಗತ್ತನ್ನು ಎದುರಿಸುವುದು ಹೇಗೆಂದು ಮಗಳಿಗೆ ಹೇಳಿಕೊಡುತ್ತಾನೆ.

ಹೆಣ್ಣುಮಕ್ಕಳ ಗಟ್ಟಿತನದ ಪಠ್ಯವೇ ಬೇರೆ. ಅದರಲ್ಲಿ ಒಂದೇ ಪಾಠ: ಅಡ್ಜಸ್ಟ್ ಮಾಡ್ಕೋ. ಹುಡುಗರ ಹಾಸ್ಟೆಲಿನ ಗೇಟು ಹತ್ತಕ್ಕೆ, ಹುಡುಗಿಯರದ್ದು ಏಳಕ್ಕೆ. ಹೊರಗೆ ಕಾಟ ಕೊಡುವವರು ಯಾರೆಂದು ಎಲ್ಲರಿಗೂ ಗೊತ್ತು, ಬೀಗ ಮಾತ್ರ ಒಳಗಿರುವವಳಿಗೆ. ಸಂವಿಧಾನದ 61ನೇ ತಿದ್ದುಪಡಿ 1989ರಲ್ಲೇ ಹದಿನೆಂಟು ದಾಟಿದವರ ಕೈಗೆ ಮತ ಕೊಟ್ಟಿದೆ. ವಿಧಾನಸೌಧಕ್ಕೆ ಯಾರನ್ನು ಕಳಿಸಬೇಕೆಂದು ತೀರ್ಮಾನಿಸಬಲ್ಲ ಹುಡುಗಿ ಎದುರಿನ ಮೆಡಿಕಲ್ ಶಾಪಿಗೆ ಹೋಗಲು ಅಪ್ಪನ ಸಹಿ ತೋರಿಸಬೇಕು. ಇಪ್ಪತ್ತೆರಡಕ್ಕೆ ಇವಳನ್ನೇ ಪರಿಚಯವಿಲ್ಲದ ಮನೆಗೆ ಕಳಿಸಿ, 'ಏನೇ ಬಂದ್ರೂ ಧೈರ್ಯವಾಗಿ ಎದುರಿಸಬೇಕು' ಎನ್ನುತ್ತಾರೆ. ಅಲ್ಲಿಗೆ ಹೋಗಲು ಪರ್ಮಿಷನ್ ಲೆಟರ್ ಬೇಡ. ವಾಪಸ್ ಬರಲು ಬೇಕು.

ನಮಗೆ ನಿಜವಾಗಿಯೂ ಇಷ್ಟವಾಗುವ ಗಟ್ಟಿತನ ಒಂದಿದೆ. ಅದು ಬಡವರದ್ದು. 'ಗಾರೆ ಕೆಲಸದವರ ಮಗಳು ಜಿಲ್ಲೆಗೆ ಪ್ರಥಮ.' 625ಕ್ಕೆ 619. ಶೀಟಿನ ಮನೆ ಮುಂದೆ ಅಮ್ಮ ಪೇಡೆ ತಿನ್ನಿಸುವ ಫೋಟೊ, ಪಕ್ಕದಲ್ಲಿ ಶಾಸಕರು. ಬೀದಿದೀಪದಲ್ಲಿ ಓದಿದಳೆಂದು ಹೆಮ್ಮೆಯಿಂದ ಬರೆಯುತ್ತೇವೆ. ಅವಳ ಮನೆಗೆ ಕರೆಂಟು ಯಾಕಿರಲಿಲ್ಲವೆಂದು ಆ ಶಾಸಕರನ್ನು ಕೇಳುವುದಿಲ್ಲ.

ಮುಂದಿನ ತಿಂಗಳು ಅವಳು ಪಿಯು ವಿಜ್ಞಾನಕ್ಕೆ ಸೇರುತ್ತಾಳೆ. ಹತ್ತು ವರ್ಷ ಕನ್ನಡದಲ್ಲಿ ಕಲಿತವಳಿಗೆ ಭೌತಶಾಸ್ತ್ರ ಒಂದೇ ಬೇಸಿಗೆಯಲ್ಲಿ ಇಂಗ್ಲಿಷ್ ಆಗಿರುತ್ತದೆ. ಬಿಸಿಎಂ ಹಾಸ್ಟೆಲಿನ ಸೀಟಿಗೆ ಅರ್ಜಿ, ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿ, ಸರ್ವರ್ ಡೌನು. ಆಗ ಫೋಟೊಗ್ರಾಫರ್ ಬರುವುದಿಲ್ಲ. ಬಡವರ ಗಟ್ಟಿತನ ನಮಗೆ ಇಷ್ಟ ಯಾಕೆಂದರೆ ಅದಕ್ಕೆ ಬಜೆಟ್ ಬೇಡ. ಅವಳು ಇದ್ದುದರಲ್ಲೇ ಗೆದ್ದುಬಿಟ್ಟರೆ ಇಲ್ಲದ್ದನ್ನು ಕೊಡುವ ಕೆಲಸ ತಪ್ಪಿತು.

ಪಿಯು ಮುಗಿಸಿ ಸೇರಿದ ಮೇಲೆ ಕಾಲೇಜು ಕೈಹಿಡಿಯುತ್ತದೆಯೇ? ಕಾಗದದ ಮೇಲೆ ಹಿಡಿಯುತ್ತದೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹೊಸಬರಿಗೆ ಮೂರು ವಾರದ ಇಂಡಕ್ಷನ್ ನಡೆಸಿ ಎಂದು ಎಐಸಿಟಿಇ ಹೇಳಿತು. ಯುಜಿಸಿ 'ದೀಕ್ಷಾರಂಭ' ಎಂದು ಹೆಸರಿಟ್ಟಿತು. ಕಾಲೇಜುಗಳು ಮೂರು ವಾರವನ್ನು ಮೂರು ದಿನಕ್ಕಿಳಿಸಿದವು. ಮೊದಲ ದಿನ ಅಧ್ಯಕ್ಷರ ಭಾಷಣ. ಎರಡನೇ ದಿನ ಅಧ್ಯಕ್ಷರ ಬಗ್ಗೆ ಭಾಷಣ. ಮೂರನೇ ದಿನ ಪ್ಲೇಸ್‌ಮೆಂಟ್ ಪಟ್ಟಿ. ಆಮೇಲೆ ಹುಡುಗ ಕ್ಲಾಸು ತಪ್ಪಿಸಿದರೆ ಎಸ್ಸೆಮ್ಮೆಸ್ ಹೋಗುವುದು ಅಪ್ಪನಿಗೆ. ಹತ್ತೊಂಬತ್ತು ವರ್ಷದ ಮೀಸೆ ಬಂದವನ ಪೋಷಕರ ಸಭೆ ತಿಂಗಳಿಗೊಮ್ಮೆ.

ಬೇಕಾದದ್ದು ವರ್ಕ್‌ಶಾಪಲ್ಲ ಎಂದು ಯಾರಿಗೆ ಹೇಳುವುದು? ಹತ್ತು ದಾಟಿದ ಮಗು ತನ್ನ ಉಳಿತಾಯ ಖಾತೆಯನ್ನು ತಾನೇ ನಡೆಸಬಹುದು ಎಂದು ರಿಸರ್ವ್ ಬ್ಯಾಂಕ್ 2014ರಲ್ಲೇ ಬ್ಯಾಂಕುಗಳಿಗೆ ಅನುಮತಿ ಕೊಟ್ಟಿದೆ. ರಿಸರ್ವ್ ಬ್ಯಾಂಕಿಗಿರುವ ನಂಬಿಕೆ ಹೆತ್ತ ಅಪ್ಪನಿಗಿಲ್ಲ. ಎಂಟನೇ ಕ್ಲಾಸಿನವಳು ಒಂದು ಚಲನ್ ತುಂಬಿ ತಪ್ಪು ಮಾಡಲಿ, ಹರಿದು ಇನ್ನೊಂದು ತುಂಬಲಿ. ಹದಿನೈದರವನು ಅಜ್ಜಿಯ ಊರಿಗೆ ಒಬ್ಬನೇ ಬಸ್ಸಿನಲ್ಲಿ ಹೋಗಲಿ, ಹಾಸನದಲ್ಲಿ ಇಳಿಯುವ ಬದಲು ಅರಸೀಕೆರೆಯಲ್ಲಿ ಇಳಿಯಲಿ, ವಿಚಾರಿಸಿಕೊಂಡು ಬರಲಿ. ಕಲಾ ವಿಭಾಗ ಬೇಕೆಂದವಳಿಗೆ ಕಲಾ ವಿಭಾಗ ಸಿಗಲಿ. ಇದಕ್ಕೆಲ್ಲ ಪೈಸೆ ಖರ್ಚಿಲ್ಲ. ಆದ್ದರಿಂದಲೇ ಯಾರೂ ಮಾಡುವುದಿಲ್ಲ.

ಪರಿಚಯದ ಒಬ್ಬ ದಾಂಡೇಲಿ ಕಡೆ ಮಕ್ಕಳಿಗೆ ಸಾಹಸ ಶಿಬಿರ ನಡೆಸುತ್ತಾನೆ. ನಾಲ್ಕು ದಿನ, ಕಾಡು, ಟೆಂಟು, ಹೊಳೆ. ಬ್ರೋಷರಿನಲ್ಲಿ 'ರೆಸಿಲಿಯನ್ಸ್' ಎಂದು ಹಾಕಿದ ಮೇಲೆ ಸೀಟು ಎರಡೇ ದಿನದಲ್ಲಿ ಭರ್ತಿ. ಮೊನ್ನೆ ಅವನ ಪಕ್ಕ ಕೂತಿದ್ದಾಗ ಒಂದು ಕರೆ ಬಂತು. ಸ್ಪೀಕರ್ ಹಾಕಿದ.

'ಟೆಂಟು ಅಂದ್ರೆ ಎಸಿ ಇರುತ್ತಾ?'

'ಇಲ್ಲ ಸಾರ್, ಕಾಡು.'

'ಹಾಗಾದ್ರೆ ಹತ್ರದ ರೆಸಾರ್ಟಲ್ಲಿ ನಾವಿಬ್ರೂ ಉಳ್ಕೋತೀವಿ. ರಾತ್ರಿ ಅವನು ನಮ್ಮ ಜೊತೆ ಮಲಗ್ಲಿ. ಹೊಳೆಗೆ ಇಳಿಸ್ತೀರಾ?'

'ಲೈಫ್ ಜಾಕೆಟ್ ಹಾಕಿ ರಾಫ್ಟಿಂಗ್ ಇದೆ ಸಾರ್.'

'ಅದು ಬೇಡ. ದಡದಲ್ಲಿ ಜಾಕೆಟ್ ಹಾಕಿ ಒಂದು ಫೋಟೊ ತೆಗೀರಿ ಸಾಕು. ಸರ್ಟಿಫಿಕೇಟ್ ಯಾವತ್ತು ಕೊಡ್ತೀರಿ?'

'ಕೊನೇ ದಿನ ಸಾರ್.'

'ಸ್ವಲ್ಪ ಮುಂಚೆ ಆಗಲ್ವಾ? ಎರಡನೇ ದಿನ ಅವನಿಗೆ ಟ್ಯೂಷನ್ ಇದೆ.'